ಯಜಮಾನನಿಲ್ಲದ ಜೇನು

"ಆ ಕರೀ ಬಟ್ಟೆಗೆ ಮಾತ್ರ ಕೈ ಹಚ್ಚಬೇಡಿ ಸ್ವಾಮಿ," ಎಂದಳು ಮುದುಕಿ ಒಡಿಲ್, ಬೀಗದ ಕೈ ಕೊಡುವ ಮುಂಚೆ. "ಮನೆ ನಿಮ್ದೇ ಅಂತ ತಿಳ್ಕೊಳ್ಳಿ, ಚೆರ್ರಿ ಹಣ್ಣು ಎಷ್ಟು ಬೇಕಾದ್ರೂ ಕಿತ್ಕೊಂಡು ತಿನ್ನಿ. ಆ ಜೇನುಪೆಟ್ಟಿಗೆ ಹತ್ರ ಸುಳೀಬೇಡಿ."

ಹಿತ್ತಲ ಕಲ್ಲುಗೋಡೆಯ ಬುಡದಲ್ಲಿ ಸಾಲಾಗಿ ಜೇನುಪೆಟ್ಟಿಗೆಗಳು. ಒಂದೊಂದಕ್ಕೂ ಕರಿಯ ಪಟ್ಟಿ ಬಿಗಿದು ಕಟ್ಟಿತ್ತು. ಬೇಸಿಗೆಯ ರಜೆಗೆಂದು ಹೆಂಡತಿ ಸೊಲೆನ್ ಜೊತೆ ಬೆರ್ರಿ ಎಂಬ ಸೀಮೆಯ ಈ ಹಳ್ಳಿಮನೆ ಹಿಡಿದಿದ್ದ ವಕೀಲ ತಿಬೋ ಹುಬ್ಬೇರಿಸಿದ. ಲಿಯೋನ್ ನಗರದ ಕೋರ್ಟಿನಲ್ಲಿ ಅವನ ಗಂಟಲಿಗೆ ದೊಡ್ಡ ಹೆಸರು. ಅವನ ಅನ್ನ, ಅವನ ಜಂಬ, ಎರಡೂ ಆ ಗಂಟಲಲ್ಲೇ ಇದ್ದವು.

"ಯಾಕಜ್ಜಿ, ಜೇನುಗಳ ಮನೇಲಿ ಯಾರಾದ್ರೂ ತೀರ್ಕೊಂಡ್ರಾ?"

"ನನ್ನ ಗಂಡ ಲೆಯೋಂಸ್ ತೀರ್ಕೊಂಡ. ಯಜಮಾನ ಸತ್ರೆ ಮನೆ ಬೀಗದ ಕೈಯಿಂದ ಪೆಟ್ಟಿಗೆ ತಟ್ಟಿ, ಇನ್ಮೇಲೆ ನಿಮಗೆ ಇಂಥೋರು ಯಜಮಾನರು ಅಂತ ಹೇಳೋದು ನಮ್ಮ ಪದ್ಧತಿ. ನಾನು ಯಾರ ಹೆಸರೂ ಹೇಳಿಲ್ಲ." ಮುದುಕಿ ದನಿ ತಗ್ಗಿಸಿದಳು. "ಯಾರೋ ಆಗದವರು ಆ ಜೇನಿಗೆ ಮಾಟ ಮಾಡ್ಸಿದಾರೆ. ಯಜಮಾನನ ಗಂಟಲು ಹಿಡಿಯುತ್ತೆ. ಬಟ್ಟೆ ಇರೋ ತನಕ ಅವಕ್ಕೆ ಸೂತಕ. ಯಾರ ತಂಟೆಗೂ ಬರಲ್ಲ."

"ಜೇನಿಗೂ ಸೂತಕ!" ತಿಬೋ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಸು ಹಾಕೋಣ್ವಾ ಅಜ್ಜಿ, ಜೇನುಗಳ ಮೇಲೆ?"

"ಸುಮ್ನಿರು, ವಯಸ್ಸಾದೋರು," ಎಂದು ಸೊಲೆನ್ ಅವನ ಮೊಣಕೈ ತಿವಿದಳು. ಮುದುಕಿ ಬೇಸರಪಟ್ಟುಕೊಳ್ಳಲಿಲ್ಲ. ಊರೊಳಗೆ ತಂಗಿಯ ಮನೆಯಲ್ಲಿರುತ್ತೇನೆ ಎಂದು ಹೇಳಿ, ಮುಂಬಾಗಿಲ ಬೀಗದ ಕೈಯನ್ನು ಅವನಿಗೂ ಅಡುಗೆಮನೆಯ ಬೀಗದ ಕೈಯನ್ನು ಅವಳಿಗೂ ಕೊಟ್ಟು ಹೋದಳು.

ಮೊದಲ ದಿನಗಳು ಚೆನ್ನಾಗಿಯೇ ಕಳೆದವು. ಬೇಲಿಗಳ ನಡುವಿನ ಹಾದಿ ಹಿಡಿದು ಇಬ್ಬರೂ ಅಲೆದರು, ಸಂತೆಯಲ್ಲಿ ಅಲ್ಲಿಯವರು ಮಾಡುವ, ಬೂದಿ ಹಚ್ಚಿದ ಮೇಕೆಹಾಲಿನ ಚೀಸು ಕೊಂಡರು, ಕೆರೆಯ ದಂಡೆಯಲ್ಲಿ ಬ್ರೆಡ್ಡು ಮುರಿದು ತಿಂದರು. ವರ್ಷಗಳಿಂದ ಗಂಡನ ಬಿಡುವಿಗಾಗಿ ಕಾದಿದ್ದ ಸೊಲೆನ್ ಸಣ್ಣ ಹುಡುಗಿಯಂತೆ ಕಾಡುಹೂ ಕೀಳುತ್ತಿದ್ದಳು. ತಿಬೋಗೆ ಮಾತ್ರ ಬೇಗ ಬೇಜಾರಾಯಿತು. ಕೇಳುವವರಿಲ್ಲದಿದ್ದರೆ ಅವನ ನಾಲಿಗೆಗೆ ತುರಿಕೆ.

ಒಂದು ಮಧ್ಯಾಹ್ನ, ಊಟದ ವೈನು ತಲೆಗೇರಿದ್ದಾಗ, ಅವನು ಹಿತ್ತಲಿಗೆ ನಡೆದ. ಬೇಡವೆನ್ನುತ್ತ ಸೊಲೆನ್ ಹಿಂದೆಯೇ ಓಡಿ ಬಂದಳು. ಅವನು ಕರಿಯ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಹೆಗಲಿಗೆ ಹಾಕಿಕೊಂಡ. ಜೇಬಿನಿಂದ ಬೀಗದ ಕೈ ತೆಗೆದು ಪೆಟ್ಟಿಗೆಗಳನ್ನು ಟಕಟಕ ಬಡಿದ.

"ಕೇಳ್ರಪ್ಪೋ ಕೇಳ್ರಿ! ಇವತ್ತಿಂದ ನಾನೇ ನಿಮ್ಮ ಯಜಮಾನ. ಲಿಯೋನಿನ ವಕೀಲ ತಿಬೋ!"

ಗುಂಯ್ಗುಡುವಿಕೆ ಗಪ್ಪೆಂದು ನಿಂತಿತು. ಒಂದು ರೆಕ್ಕೆಯೂ ಅಲ್ಲಾಡಲಿಲ್ಲ. ಬಿಸಿಲಲ್ಲಿ ಕಾದ ಮೇಣದ ವಾಸನೆ, ಅದರಡಿಯಲ್ಲಿ ಏನೋ ಕೊಳೆತ ವಾಸನೆ. ಸೊಲೆನ್ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೋಡ್ದೆಯಾ, ಯಜಮಾನ ಬಂದ ಅಂತ ಎದ್ದು ನಿಂತಿವೆ," ಎಂದು ತಿಬೋ ನಕ್ಕ. ಆ ನಗು ಅರ್ಧಕ್ಕೇ ಕೆಮ್ಮಾಯಿತು.

ಸಂಜೆ ಅಲೆಯಲು ಹೊರಟಾಗ ಅವರು ಹಳೆಯ ತಗ್ಗುದಾರಿಗೆ ಇಳಿದರು. ಎರಡು ಕಡೆಯ ಮರಗಳು ಮೇಲೆ ಕೂಡಿಕೊಂಡು ಅಲ್ಲಿ ಹಗಲಲ್ಲೂ ಕತ್ತಲು. ಒದ್ದೆ ಮಣ್ಣಿನ ವಾಸನೆ. ಹಿಂದಿನಿಂದ ಸಣ್ಣಗೆ ಗುಂಯ್ ಎನ್ನುವ ಒಂದು ಸದ್ದು ಹತ್ತಿರವಾಗುತ್ತಿತ್ತು. ತಿಬೋ ನಿಂತ. ಸದ್ದು ನಿಲ್ಲಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು." ಸೊಲೆನ್ ಅವನ ಮುಖ ನೋಡಿ ಬಿಳಿಚಿಕೊಂಡಳು. "ತಿಬೋ, ಅದು... ನಿನ್ನ ಗಂಟಲೊಳಗಿಂದ ಬರ್ತಿದೆ."

ಅಂದಿನಿಂದ ಅವನ ಬಾಯಲ್ಲಿ ಬ್ರೆಡ್ಡು ಮೇಣವಾಯಿತು. ನೀರು ಮೇಣವಾಯಿತು. ದನಿ ದಿನದಿಂದ ದಿನಕ್ಕೆ ಕುಗ್ಗಿತು. ಪಟ್ಟಿಗಳನ್ನು ಮತ್ತೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಬಿಚ್ಚಿ ಬಿದ್ದಿರುತ್ತಿದ್ದವು. ಪೇಟೆಯ ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, ಏನೂ ಇಲ್ಲ, ದಣಿದಿದ್ದೀರಿ ಎಂದರು. ಕೊನೆಗೆ ಸೊಲೆನ್ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮುದುಕಿಯ ಬಳಿ ಹೋದಳು. ಒಡಿಲ್ ಬಟಾಣಿ ಸುಲಿಯುತ್ತಿದ್ದವಳು ತಲೆಯೆತ್ತಿದಳು.

"ಅಯ್ಯೋ, ಬೇಡ ಅಂದಿದ್ನಲ್ಲ ಸ್ವಾಮಿ."

"ಪರಿಹಾರ ಹೇಳಿ ತಾಯಿ, ಕೈ ಮುಗೀತೀನಿ," ಎಂದಳು ಸೊಲೆನ್.

"ಹಿಡಿದದ್ದು ಬಿಡೋದಿಲ್ಲ, ಕೈ ಬದಲಾಯಿಸುತ್ತೆ ಅಷ್ಟೇ. ಅದೇ ಮನೆ ಬೀಗದ ಕೈಯಿಂದ ತಟ್ಟಿ ಇನ್ನೊಬ್ಬರ ಹೆಸರು ಹೇಳ್ಬೇಕು. ಯಾರ್ಯಾರದ್ದೋ ಹೆಸರು ನಡೆಯಲ್ಲ. ಅದೇ ಸೂರಿನ ಕೆಳಗೆ, ಅದೇ ಒಲೆಯದ್ದು ಉಣ್ಣೋರ ಹೆಸರೇ ಆಗ್ಬೇಕು."

ಆ ಸೂರಿನ ಕೆಳಗೆ ಉಣ್ಣುವವರು ಇಬ್ಬರೇ. ತಿಬೋ ಗೊರಗೊರ ದನಿಯಲ್ಲಿ ಕಿರುಚಿದ. "ಇಷ್ಟೆಲ್ಲ ಗೊತ್ತಿದ್ದೂ... ಮನೆ ಯಾಕೆ ಕೊಟ್ಟೆ?"

"ವರ್ಷ ತುಂಬಿದ್ರೆ ಸೂತಕ ಕಳೀತಿತ್ತು. ಆಮೇಲೆ ಅವು ನನ್ನನ್ನೇ ಹುಡುಕ್ಕೊಂಡು ಬರ್ತಿದ್ವು." ಮುದುಕಿ ಮತ್ತೆ ಬಟಾಣಿಗೆ ಕೈ ಹಾಕಿದಳು. "ಬಂದೋರಿಗೆಲ್ಲ ಹೇಳ್ತೀನಪ್ಪ. ನಂಬೋರು ಅತ್ತ ಹೋಗಲ್ಲ. ನಗೋರು ಹೋಗ್ತಾರೆ."

ಮನೆಗೆ ಬಂದು ಸೊಲೆನ್ ಸಾರು ಕಾಯಿಸಿದಳು. ಅವನಿಗೆ ಒಂದು ಗುಟುಕೂ ಇಳಿಯಲಿಲ್ಲ. ಅವಳು ಸ್ವಲ್ಪ ಹೊತ್ತು ಅವನ ತಲೆ ನೇವರಿಸಿದಳು. "ಇಲ್ಲೇ ಮಲಗಿರು. ಈಗ ಬಂದೆ," ಎಂದು ಅಡುಗೆಮನೆಯ ಕಡೆಯಿಂದ ಹೊರಗೆ ಹೋದಳು.

ಅವನಿಗೆ ಅದೇ ಬೇಕಿತ್ತು.

ಹೊತ್ತು ಮುಳುಗುತ್ತಿತ್ತು. ಮುಂಬಾಗಿಲಿಂದ ನುಸುಳಿ ಗೋಡೆ ಹಿಡಿದುಕೊಂಡು ಹಿತ್ತಲ ಜೇನುಪೆಟ್ಟಿಗೆಗಳತ್ತ ನಡೆದ. ಉಸಿರು ಎಳೆದರೆ ಬರುತ್ತಿರಲಿಲ್ಲ. ಗಂಟಲ ತುಂಬ ಕಾಲುಗಳು. ಸಾವಿರ ಸಣ್ಣ ಕಾಲುಗಳು. ಹತ್ತುತ್ತಿವೆ. ಇಳಿಯುತ್ತಿವೆ. ಹಲ್ಲಿನ ಸಂದಿನಲ್ಲಿ ಮೇಣ. ಕಣ್ಣು ಕತ್ತಲಿಟ್ಟಿತು. ಮಂಡಿಯೂರಿ ಬಿದ್ದ. ಬೀಗದ ಕೈ ಎತ್ತಿದ. ತಟ್ಟಿದ. ಬದುಕಬೇಕು. ತಟ್ಟಿದ. ನಾನು ಬದುಕಬೇಕು.

"ಸೊಲೆನ್!" ಎಂದ. "ಇನ್ನು... ನಿಮ್ಮ ಯಜಮಾನಿ... ನನ್ನ ಹೆಂಡತಿ ಸೊಲೆನ್!"

ಕೊನೆಯ ಮಾತು ಗಂಟೆ ಹೊಡೆದಂತೆ ಹೊರಬಂತು. ಅವನದೇ ಹಳೆಯ ದನಿ. ಎದೆ ತುಂಬ ಗಾಳಿ. ಖುಷಿಗೆ ಅವನು ಅತ್ತುಬಿಟ್ಟ. ಕಣ್ಣೊರೆಸಿಕೊಂಡು ತಿರುಗಿದ.

ಚೆರ್ರಿ ಮರದ ಕೆಳಗೆ ಸೊಲೆನ್ ನಿಂತಿದ್ದಳು. ಅವಳ ಕೈಯಲ್ಲಿ ಅಡುಗೆಮನೆಯ ಬೀಗದ ಕೈ ಇತ್ತು.

"ನನ್ನ ಹೆಸರು ನಾನೇ ಹೇಳೋಣ ಅಂತ ಬಂದೆ," ಎಂದಳು. "ಧೈರ್ಯ ಸಾಲದೆ ಸ್ವಲ್ಪ ಹೊತ್ತು ನಿಂತ್ಕೊಂಡೆ, ಅಷ್ಟೇ. ಅಷ್ಟೂ ತಡ್ಕೊಳ್ಳೋಕಾಗ್ಲಿಲ್ವಲ್ಲ ನಿಂಗೆ."

ಅವಳ ದನಿ ಆಗಲೇ ಒಡೆಯುತ್ತಿತ್ತು. ಅವನು ಕೈ ಚಾಚಿ ಒಂದು ಹೆಜ್ಜೆ ಇಟ್ಟ. ಅವಳು ಬೀಗದ ಕೈಯನ್ನು ಬಿಗಿಯಾಗಿ ಹಿಡಿದಳು.

"ಹತ್ರ ಬರಬೇಡ. ಹೋಗು ತಿಬೋ. ನನ್ನ ಬಾಯಿಗೆ ನಿನ್ನ ಹೆಸರು ಬರೋದ್ರೊಳಗೆ ಈ ಸೂರು ಬಿಟ್ಟು ಹೋಗು."

ಅವನು ಹೋದ. ಜೊತೆಗೆ ಬಾ ಎನ್ನಲಿಲ್ಲ. ಕ್ಷಮಿಸು ಎನ್ನಲಿಲ್ಲ. ಕೋಟನ್ನೂ ಎತ್ತಿಕೊಳ್ಳದೆ ಕಾರು ಹತ್ತಿದ.

ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒಂದು ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವನ ಫೋನು ಬಡಿದುಕೊಂಡಿತು.

"ಒಡಿಲ್ ಮಾತಾಡ್ತಿರೋದು ಸ್ವಾಮಿ. ನಿಮ್ಮ ಮನೆಯೋರು ಬೆಳಿಗ್ಗೆ ಹೋಗ್ಬಿಟ್ರು. ಚಿನ್ನದಂಥ ಹೆಂಗಸು. ಕೊನೇವರೆಗೂ ಆ ಬೀಗದ ಕೈ ಹಿಡ್ಕೊಂಡೇ ಇದ್ರು, ಯಾರ ಹೆಸರೂ ಹೇಳ್ಲಿಲ್ಲ. ಪೆಟ್ಟಿಗೆಗಳಿಗೆ ಕರೀ ಬಟ್ಟೆ ಕಟ್ಟಿದೀನಿ."

ತಿಬೋ ಬಾಯಿ ತೆರೆದ. ಗಂಟಲಲ್ಲಿ ಏನೂ ಅಡ್ಡವಿರಲಿಲ್ಲ. ಆದರೂ ಒಂದು ಮಾತೂ ಹೊರಡಲಿಲ್ಲ.

"ಕೇಳಿಸ್ತಿದೆಯಾ ಸ್ವಾಮಿ? ಮನೆ ಮತ್ತೆ ಖಾಲಿಯಿದೆ. ನಿಮ್ಮ ಕಡೆ ರಜೆಗೆ ಬರೋರು ಯಾರಾದ್ರೂ ಇದ್ರೆ ಹೇಳಿ. ಓದಿದೋರು, ಇಂಥದ್ದನ್ನೆಲ್ಲ ನಂಬದೋರು ಆದ್ರೆ ಒಳ್ಳೇದು."