ಶಾಲೆಯ ಹಿಂದಿನ ಮೋರಿ

"ಈ ಮೋರಿ ಶಾಲೆಯ ಹಿಂದೆ ಹೋಗುತ್ತೆ ಅಂತ ಫೋನಲ್ಲಿ ಹೇಳಿದ್ದು ಯಾರು?"

ಮೊಣಕಾಲುದ್ದ ಕೊಳಚೆ ನೀರಲ್ಲಿ ನಿಂತು, ಟ್ಯಾಬ್ ಎದೆಗವಚಿಕೊಂಡು ನೌಲಿ ಕೇಳಿದಳು.

"ನಾನೇ, ಬು ನೌಲಿ," ಎಂದ ಸೆನೊ, 'ಮೇಡಂ' ಎನ್ನುವ ಹಾಗೆ ಗೌರವದ 'ಬು' ಸೇರಿಸಿ, ತಲೆ ತಗ್ಗಿಸಿ.

"ಹೋಗುತ್ತಾ?"

"ಹೌದು."

"ತೋರಿಸಿ."

ಅವನು ಮುಗುಳ್ನಕ್ಕು ಅವಳನ್ನು ಕರೆದೊಯ್ದ. ಶಾಲೆಯ ಹಿಂದೆ ಇದ್ದದ್ದು ಒಂದು ಪೇರಲ ಮರ, ಒಂದು ಕೋಳಿಗೂಡು. ಮೋರಿಯ ಸುಳಿವೇ ಇರಲಿಲ್ಲ.

ಇಂಡೋನೇಷ್ಯಾದ ಸೆಮಾರಾಂಗ್ ನಗರದ ಮಳೆನೀರಿನ ಮೋರಿಗಳನ್ನೆಲ್ಲ ಡಿಜಿಟಲ್ ನಕ್ಷೆಗೆ ಏರಿಸುವುದು ನೌಲಿಯ ಕೆಲಸ. ಆ ನಕ್ಷೆ ನೋಡಿಯೇ ಪಂಪು ಓಡಿಸುತ್ತಾರೆ. ಈ ಓಣಿಯ ಗೆರೆ ತಪ್ಪಿ, ಪಂಪು ಇನ್ನೆಲ್ಲೋ ಓಡಿತು. ಇಲ್ಲಿ ಜನರ ಹಾಸಿಗೆ ನೆನೆಯಿತು. ಮತ್ತೊಮ್ಮೆ ತಪ್ಪಿದರೆ ಅವಳ ಕೆಲಸಕ್ಕೇ ಸಂಚಕಾರ.

ಹೊಲಿಗೆ ಯಂತ್ರ ರಿಪೇರಿ ಮಾಡುವ ಸೆನೊ ಓಣಿಯ ಮುಖಂಡ. ಜಾವಾದವನು. ಎದುರಿಗಿದ್ದವರಿಗೆ ಇಲ್ಲ ಎನ್ನುವುದು ಅವರ ಕಡೆ ಒರಟುತನ. ನೌಲಿಯೋ ಸುಮಾತ್ರಾದವಳು, ಅವಳ ಮನೆಯಲ್ಲಿ ಮುಖಕ್ಕೆ ಹೊಡೆದಂತೆ ಹೇಳುವುದೇ ಪ್ರೀತಿ.

ಇಬ್ಬರೂ ಸೇರಿ ಚಪ್ಪಡಿ ಎತ್ತಿ ಎತ್ತಿ ನಿಜವಾದ ಮೋರಿ ಹುಡುಕತೊಡಗಿದರು. ನೀರು ಎಡಕ್ಕಾ ಎಂದರೆ ಹೌದು, ಬಲಕ್ಕಾ ಎಂದರೂ ಹೌದು. ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಬಿಸಿಲಲ್ಲಿ ಅವಳ ತಲೆಯ ಮೇಲೆ ಕೊಡೆ ಹಿಡಿದು ತಾನು ಬೇಯುತ್ತಿದ್ದವನ ಮೇಲೆ ಎಷ್ಟಂತ ಸಿಟ್ಟಾಗುವುದು? ಮನಸ್ಸು ಕೈ ಮೀರಿ ಅವನತ್ತ ವಾಲಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ, ಅಲ್ಲಿಯ ವಾಡಿಕೆಯಂತೆ ಆತ್ಮೀಯವಾಗಿ 'ಮಾಸ್' ಎಂದು ಕರೆದು ಕೇಳಿಯೇಬಿಟ್ಟಳು.

"ಮಾಸ್ ಸೆನೊ, ನಾನಂದ್ರೆ ನಿಮಗಿಷ್ಟನಾ?"

"ಹೌದು."

ಅವಳ ಕಣ್ಣು ತುಂಬಿತು... ಸಂತೋಷಕ್ಕಲ್ಲ.

"ಇಲ್ಲದ ಮೋರಿಗೂ ಹೌದು, ನನಗೂ ಹೌದು. ಯಾವುದನ್ನ ನಂಬ್ಲಿ ನಾನು?"

ಮರುದಿನದಿಂದ ಅವಳು ಒಬ್ಬಳೇ ಅಳತೆಗೆ ಹೋದಳು. ತನ್ನೂರಿಗೆ ಹತ್ತಿರ ವರ್ಗ ಕೇಳಿ ಅರ್ಜಿಯನ್ನೂ ಬರೆದಿಟ್ಟಳು.

ನಕ್ಷೆಗೆ ಒಪ್ಪಿಗೆ ಕೊಡಲು ದೊಡ್ಡ ಸಾಹೇಬರು ಓಣಿಗೇ ಬಂದರು. ಅಕ್ಕಿ ಅಂಗಡಿಯ ಕೆಳಗೆ ಬಳಸಿಕೊಂಡು ಹೋಗುವ ಅವಳ ಗೆರೆ ಅವರಿಗೆ ಹಿಡಿಸಲಿಲ್ಲ. ಹಳೆಯ ನೇರ ಗೆರೆಯೇ ಚೆನ್ನಾಗಿತ್ತು, ಶಾಲೆಯ ಹಿಂದೆಯೇ ಹೋಗಲಿ ಎಂದು ಬೆರಳಲ್ಲಿ ಎಳೆದು, ಸರಿ ತಾನೇ ಎಂದು ಜನರನ್ನು ಕೇಳಿದರು. ಓಣಿಗೆ ಓಣಿಯೇ ಹೌದು ಎಂದಿತು. ನೌಲಿ ಎಷ್ಟು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

'ಮುಗೀತು,' ಎಂದುಕೊಂಡಳು.

"ಇಲ್ಲ ಸಾಹೇಬ್ರೇ."

ಎಲ್ಲರೂ ತಿರುಗಿದರು. ಸೆನೊ ಎದ್ದು ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ.

"ಶಾಲೆಯ ಹಿಂದೆ ಮೋರಿ ಇಲ್ಲ. ಅವತ್ತು ನಾನು ಹೇಳಿದ್ದು ತಪ್ಪು. ಇವರು ಎಳೆದಿರೋದೇ ಸರಿ."

ಗುಂಪಿನಲ್ಲಿದ್ದ ಅವನ ತಾಯಿ ನಾಚಿಕೆಯಿಂದ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಅಂಗಡಿಯ ಮುಂದಿನ ಚಪ್ಪಡಿ ಎತ್ತಿಸಿದರು. ಕೆಳಗೆ ನೀರು ಹರಿಯುತ್ತಿತ್ತು. ಅವಳ ಗೆರೆಯೇ ಉಳಿಯಿತು.

ಜನ ಚದುರಿದ ಮೇಲೆ ಅವಳು ಅವನ ಮುಂದೆ ಬಂದು ನಿಂತಳು.

"ವರ್ಗಕ್ಕೆ ಅರ್ಜಿ ಬರೆದಿದ್ದೀನಿ. ಹೋಗ್ಲಾ?"

"ಬೇಡ."

ಒಂದೇ ದಿನ ಎರಡನೇ ಸಲ ಹೌದು ಅನ್ನಲಿಲ್ಲ ಅವನು! ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಮ್ಮಪ್ಪನ ಹತ್ರ ಬಂದು ನನ್ನ ಕೇಳ್ತೀರಾ?"

"ಹೌದು."

"ಇದೂ ಶಾಲೆಯ ಹಿಂದಿನ ಮೋರಿಯಂಥ ಹೌದಾ, ಮಾಸ್?"

ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಅಲ್ಲ, ನೌಲಿ."