ಅದು ಅಂದ್ರೆ ಯಾವುದು?

“ಹಲ್ಲು ಸ್ವಲ್ಪ ತೋರಿಸಿದ್ರೆ... ನೋಡ್ಕೊಂಡು ಹೋಗ್ತಿದ್ದೆ.”

ಬಾಗಿಲ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಿದ್ದ ರಕ್ಷಿತಾಳ ಕಿವಿಗೆ ಬಿದ್ದ ಮೊದಲ ಮಾತು ಇದು. ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ನಡುಮನೆಯಲ್ಲಿ ಕೂತಿದ್ದವನು ನೋಡಲು ಸಾಧುವಾಗಿಯೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು. ಹಣ್ಣು ತಂದಿದ್ದಾನೆಂದರೆ ಮರ್ಯಾದಸ್ಥರ ಮನೆಯವನೇ ಎಂದು ತಾತ ಸಿದ್ದಲಿಂಗಸ್ವಾಮಿ ಆಗಲೇ ಮೆಚ್ಚಿಕೊಂಡಿದ್ದರು.

ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆ. ಶ್ರೀರಾಂಪುರದ ಆ ಮನೆಗೆ ಆ ಭಾನುವಾರ ಎರಡು ಕಡೆಯವರು ಬರಬೇಕಾಗಿತ್ತು. ಬೆಳಿಗ್ಗೆ ರಕ್ಷಿತಾಳನ್ನು ನೋಡಲು ಗಂಡಿನ ಕಡೆಯವರು. ಸಂಜೆ ಹಿತ್ತಲಿನ ಹಳ್ಳಿಕಾರ್ ಹಸು ಬೆಳ್ಳಿಯನ್ನು ನೋಡಲು ಮಂಡಕಳ್ಳಿಯ ರೈತ. ಅಪ್ಪ ರುದ್ರಸ್ವಾಮಿ ಹಾಗೆಂದು ಹೇಳಿ, ಮೇಟಗಳ್ಳಿಯ ಕಾರ್ಖಾನೆಯ ಪಾಳಿಗೆ ಹೋಗಿಬಿಟ್ಟಿದ್ದರು. ಸಂಜೆಯ ಬಸ್ಸು ನಂಬುವಂತಿಲ್ಲವೆಂದು ಮಂಡಕಳ್ಳಿಯ ಅಮರೇಶ್ ಬೆಳಿಗ್ಗೆಯೇ ಬಂದ. “ನೋಡಕ್ಕೆ ಬಂದೆ” ಎಂದ. ತಾತ “ಬಾಪ್ಪಾ, ಕೂತ್ಕೊ” ಎಂದರು. ಯಾರನ್ನು ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ.

“ಹಲ್ಲೆಲ್ಲಾ ಚೆನ್ನಾಗವೆ ಕಣಪ್ಪ” ಎಂದರು ತಾತ. ಈಗಿನ ಹುಡುಗರು ಹೀಗೂ ಕೇಳುತ್ತಾರೇನೋ ಎಂದುಕೊಂಡು ಸಮಾಧಾನದಲ್ಲೇ ಇದ್ದರು.

“ಒದೆಯೋ ಅಭ್ಯಾಸ ಏನಾದ್ರೂ ಇದೆಯಾ ತಾತ?”

“ಚಿಕ್ಕದ್ರಲ್ಲಿ ಒದೀತಿತ್ತು. ಈಗ ಬುದ್ಧಿ ಬಂದೈತೆ.”

“ಬೇರೆ ಮನೆಗೆ ಹೊಂದ್ಕೊಳ್ಳುತ್ತಾ?”

“ಮೊದ್ಲು ಸ್ವಲ್ಪ ದಿನ ಅಳ್ತದೆ. ಆಮೇಲೆ ಸರಿ ಹೋಯ್ತದೆ.”

ಈ ಸೀಮೆಯ ಹಿರಿಯರಿಗೆ ಮನೆಯ ಹೆಣ್ಣುಮಗು ಎಷ್ಟು ದೊಡ್ಡದಾದರೂ ‘ಅದು’ವೇ. ಅದು ಉಂಡಿತು, ಅದು ಮಲಗಿತು. ಅದು ಮುದ್ದಿನ ಮಾತು. ಹಸುವೂ ‘ಅದು’ವೇ. ಹಾಗಾಗಿ ಆ ನಡುಮನೆಯಲ್ಲಿ ಇಬ್ಬರೂ ಸತ್ಯವನ್ನೇ ಆಡುತ್ತಿದ್ದರು.

ಅಮರೇಶನಿಗೆ ಧೈರ್ಯ ಬಂದು ಮುಖ್ಯ ವಿಷಯಕ್ಕೆ ಇಳಿದ.

“ನಮ್ಮ ಹೊಲಕ್ಕೆ ಬೇಕಾಗಿರೋದೇ ಸಗಣಿ ತಾತ. ದಿನಕ್ಕೆ ಎಷ್ಟು ಹಾಕುತ್ತೆ?”

ರಕ್ಷಿತಾ ಹೊರಗೆ ಬಂದಳು. ತಟ್ಟೆಯನ್ನು ಅವನ ಮುಂದೆ ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು.

“ನೀವು ನೋಡಕ್ಕೆ ಬಂದಿದ್ದು ನನ್ನನ್ನೋ, ಹಸೂನೋ?”

ಅಮರೇಶ್ ಎದ್ದು ನಿಂತ. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಸಿಟ್ಟಿಗೆ ಕೆಂಪಾದ ಮೂಗಿನ ತುದಿ... ಅವನಿಗೆ ನಿಧಾನವಾಗಿ ಎಲ್ಲ ಅರ್ಥವಾಯಿತು. ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಹಿಡಿದು ತೊದಲಿದ.

“ಇದು... ಹಸೂಗೆ ತಂದಿದ್ದು.”

ಎಷ್ಟು ಕಷ್ಟಪಟ್ಟರೂ ತಾತನಿಗೆ ನಗು ತಡೆಯಲಾಗಲಿಲ್ಲ. ರಕ್ಷಿತಾಳಿಗೂ ಬಂತು. ಆದರೆ ಅವಳು ತುಟಿ ಕಚ್ಚಿಕೊಂಡು ಒಳಗೆ ಹೋದಳು. ‘ಇವನ ಮುಂದೆ ನಗಬಾರದು... ಹಲ್ಲು ನೋಡಿಬಿಟ್ಟಾನು.’

ನಿಜವಾದ ಗಂಡಿನ ಕಡೆಯವರು ತಡವಾಗಿ ಬಂದು ಉಪ್ಪಿಟ್ಟು ತಿಂದು ಹೋದರು. ಅವರು ಏನನ್ನೂ ಕೇಳಲಿಲ್ಲ. ಆ ಸಂಬಂಧ ಕೂಡಲಿಲ್ಲ. ರಕ್ಷಿತಾ ಅದನ್ನು ಅಂದು ರಾತ್ರಿಯೇ ಮರೆತಳು. ಸಗಣಿ ಕೇಳಿದವನನ್ನು ಮಾತ್ರ ಮರೆಯಲಾಗಲಿಲ್ಲ.

* * *

ಬೆಳ್ಳಿ ತಾತನ ಹಟ್ಟಿಯಲ್ಲಿ ಉಳಿದಿದ್ದ ಕೊನೆಯ ಹಸು. ಸುತ್ತ ಹೊಸ ಬಡಾವಣೆ ಎದ್ದ ಮೇಲೆ ನೆರೆಹೊರೆಯವರಿಗೆ ಕೊಟ್ಟಿಗೆಯ ವಾಸನೆ ಸಹಿಸಲಾಗದೆ ದಿನವೂ ತಕರಾರು. ಎಲ್ಲಾದರೂ ಕಳಿಸಲೇಬೇಕಿತ್ತು. ಆದರೆ ತಾತ ಮಾರಲು ಒಪ್ಪಲಿಲ್ಲ. ಹೊಲ ಇರುವವರೆಗೆ ನಿನ್ನ ಕೊಟ್ಟಿಗೆಯಲ್ಲಿರಲಿ ಎಂದು ಅಮರೇಶನಿಗೆ ಒಪ್ಪಿಸಿದರು.

ಆ ಹೊಲದ್ದೇ ಚಿಂತೆ. ವಿಮಾನವೇ ಇಳಿಯದೆ ಬಣಗುಡುತ್ತಿದ್ದ ಮಂಡಕಳ್ಳಿಯ ನಿಲ್ದಾಣದ ಆಚೆಗೆ ಇತ್ತು. ವರ್ಷಗಟ್ಟಲೆ ಗುತ್ತಿಗೆಗೆ ಹೋಗಿ, ಮೂಟೆಗಟ್ಟಲೆ ರಾಸಾಯನಿಕ ಗೊಬ್ಬರ ಕುಡಿದು, ನೆಲ ತಾರಸಿಯ ಹಾಗೆ ಗಟ್ಟಿಯಾಗಿತ್ತು. ಹೊಲಕ್ಕೆ ಹೋದ ಮೊದಲ ದಿನ ತಾತ ಊರುಗೋಲು ಊರಿದರೆ ಟಕ್ ಎಂದಿತು. ಅಮರೇಶನ ತಾಯಿ ಮಂಜುಳಮ್ಮ ಮಗನಿಗೆ ಒಂದು ಬೆಳೆಯ ಗಡುವು ಕೊಟ್ಟಿದ್ದರು. ಈ ಸಲ ರಾಗಿ ಬಂದರೆ ಹೊಲ ಉಳಿಯಿತು, ಇಲ್ಲದಿದ್ದರೆ ಸೈಟು ಮಾಡುವವರ ಪಾಲು. ಹೊಲ ಹೋದರೆ ಬೆಳ್ಳಿಗೂ ನೆಲೆಯಿಲ್ಲ.

ಹಸು ಕಳಿಸುವ ದಿನ ಕಣ್ಣೊರೆಸಿಕೊಂಡು ರಕ್ಷಿತಾ ಎರಡು ಷರತ್ತು ಹಾಕಿದಳು. ಒಂದು, ಬೆಳ್ಳಿಯ ಕ್ಷೇಮ ದಿನಾ ಫೋನಿನಲ್ಲಿ ಹೇಳಬೇಕು.

“ಇನ್ನೊಂದು, ಅದು ಇದು ಅನ್ನಬಾರದು. ಮರ್ಯಾದೆ ಕೊಟ್ಟು ಮಾತಾಡ್ಬೇಕು.”

ಅಮರೇಶ್ ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸುವ ಜನ. ಮಾರನೆಯ ಸಂಜೆಯೇ ಮಂಡಕಳ್ಳಿಯ ಎಸ್.ಟಿ.ಡಿ. ಬೂತಿನಿಂದ ಫೋನು ಬಂತು.

“ಬೆಳ್ಳಿಯವರು ಹುಲ್ಲು ತಿಂದ್ರು. ಅಮ್ಮನ್ನ ಒಂದ್ಸಲ ಒದ್ರು. ಸಗಣೀನೂ ಸೊಗಸಾಗಿ ಹಾಕಿದ್ರು.”

ಬೂತಿನ ಕಾಳಯ್ಯ ಇದನ್ನು ದಿನವೂ ಕೇಳಿ ಕೇಳಿ ಮರುಗಿದ. ಮನೆಯಲ್ಲಿ ಯಾರೋ ಹಿರಿಯಮ್ಮ ಹಾಸಿಗೆ ಹಿಡಿದಿರಬೇಕು, ಬುದ್ಧಿಯೂ ಸ್ಥಿಮಿತದಲ್ಲಿಲ್ಲ, ಹುಡುಗ ಪಾಪ ಒಬ್ಬನೇ ಬಾಣಂತನದ ಹಾಗೆ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡ. ಕೊನೆಗೊಂದು ದಿನ ಕಿತ್ತಳೆ ಹಣ್ಣು ಹಿಡಿದುಕೊಂಡು ರೋಗಿಯನ್ನು ನೋಡಲು ಮನೆಗೇ ಹೋದ. ಬೆಳ್ಳಿಯವರು ಹಣ್ಣು ತಿಂದು, ಅವನ ಟವೆಲನ್ನೂ ತಿನ್ನಲು ಹೋದರು.

ರಕ್ಷಿತಾ ಭಾನುವಾರಗಳಲ್ಲಿ ತಾತನನ್ನು ಕರೆದುಕೊಂಡು ಬಸ್ಸಿನಲ್ಲಿ ಬರತೊಡಗಿದಳು. ಬೆಳ್ಳಿಯ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಎಲ್ಲವನ್ನೂ ಡ್ರಮ್ಮಿನಲ್ಲಿ ಕದಡಿ ಹೊಲಕ್ಕೆ ಕೊಡುವುದು. ಅದಕ್ಕೆ ಜೀವಾಮೃತವೆಂದು ಹೆಸರು. ಅಮೃತದ ವಾಸನೆಗೆ ಮೊದಲ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡವಳು, ತಿಂಗಳು ಕಳೆಯುವುದರೊಳಗೆ ಕೋಲು ಕಿತ್ತುಕೊಂಡು ತಾನೇ ತಿರುಗಿಸತೊಡಗಿದಳು. ಕಳೆ ಕಿತ್ತರೆ ಅಲ್ಲೇ ಹೊದಿಸುವರು. ರಾಗಿಯ ನಡುನಡುವೆ ಅವರೆ, ಹರಳು, ಸಾಸಿವೆಯ ಅಕ್ಕಡಿ ಸಾಲು. ತಾತ ಬದುವಿನ ಮೇಲೆ ಕೂತು, ತಮ್ಮ ಅಪ್ಪನ ಕಾಲದಲ್ಲಿ ಹೀಗೇ ಇತ್ತು ಎಂದು ಹೇಳುವರು. ಯಾರೂ ಕೇಳಿಸಿಕೊಳ್ಳದಿದ್ದರೆ ಬೆಳ್ಳಿಗೆ ಹೇಳುವರು.

ಡ್ರಮ್ಮಿನ ಒಂದು ಕಡೆ ಅವಳು, ಇನ್ನೊಂದು ಕಡೆ ಅವನು. ಹೆಚ್ಚು ಮಾತಿಲ್ಲ. ಒಂದು ಸಂಜೆ ಬೂತಿನಿಂದ ಫೋನು ಬರುವುದು ತಡವಾದಾಗ ರಕ್ಷಿತಾ ನಾಲ್ಕು ಸಲ ಬಾಗಿಲಿಗೆ ಬಂದು ಹೋದಳು. ‘ಇದು ಬೆಳ್ಳಿಗಾಗಿಯೇ...?’ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆ.

* * *

ಕಾರ್ತೀಕ ಮಾಸ. ರಾಗಿ ತೆನೆ ಮಡಚಿಕೊಳ್ಳುತ್ತಿತ್ತು. ತಾತನನ್ನು ಬದುವಿನ ಬಳಿ ಬಿಟ್ಟು, ಬೆಳ್ಳಿಗೆಂದು ತಂದ ಹಿಂಡಿಯೊಂದಿಗೆ ರಕ್ಷಿತಾ ಅಮರೇಶನ ಮನೆಗೆ ಹಿತ್ತಲ ಕಡೆಯಿಂದ ಬಂದಳು. ಒಳಗೆ ತಾಯಿ ಮಗನ ಮಾತು ನಡೆದಿತ್ತು.

“ನೋಡಕ್ಕೇನೋ ಲಕ್ಷಣವಾಗಿದೆ ಕಣಮ್ಮ. ಆದ್ರೆ ಅದು ನಮ್ಮ ಮನೆಗೆ ಆಗಿಬರಲ್ಲ. ತಿನ್ನೋದು ಜಾಸ್ತಿ. ಬಿಸಿಲಿಗೆ ಅರ್ಧ ಗಂಟೆ ನಿಲ್ಲಲ್ಲ. ಮುಲಾಜಿಗೆ ಬಿದ್ದು ಕಟ್ಕೊಂಡ್ರೆ ಜೀವನಪೂರ್ತಿ ನಾನೇ ಅನುಭವಿಸ್ಬೇಕು.”

ರಕ್ಷಿತಾ ಗೋಡೆಗೆ ಕೈ ಕೊಟ್ಟು ನಿಂತಳು.

ಹಸುವಿನ ಮಾತಾಗಿದ್ದರೆ ‘ಬೆಳ್ಳಿಯವರು’ ಎನ್ನುತ್ತಿದ್ದ. ಇಷ್ಟು ತಿಂಗಳಲ್ಲಿ ಅವನ ಬಾಯಲ್ಲಿ ಒಮ್ಮೆಯೂ ಬೆಳ್ಳಿ ‘ಅದು’ ಆಗಿರಲಿಲ್ಲ. ಹಾಗಾದರೆ ‘ಅದು’ ಅಂದರೆ...

‘ಹೋದ ವಾರ ಇವರ ಮನೆಯಲ್ಲಿ ಮೂರು ಮುದ್ದೆ ತಿಂದೆ. ನೆತ್ತಿ ಸುಡುತ್ತೆ ಅಂತ ಮರದ ಕೆಳಗೆ ಕೂತೆ. ಎಲ್ಲ ಲೆಕ್ಕ ಇಟ್ಟಿದ್ದಾನೆ...!’

ಕಣ್ಣು ತುಂಬಿ ಬಂದು ಗೂಟವೂ ಸರಿಯಾಗಿ ಕಾಣಲಿಲ್ಲ. ತಡಕಾಡಿ ಹಗ್ಗ ಬಿಚ್ಚಿದಳು. ತಾನು ಬೇಡವಾದ ಮನೆಯಲ್ಲಿ ಬೆಳ್ಳಿಯೂ ಬೇಡ. ಎಳೆದುಕೊಂಡು ಹೊರಟಳು. ಹೊಲದ ಬದುವಿಗೆ ಬರುವ ಹೊತ್ತಿಗೆ ಬೆಳ್ಳಿ ಕಾಲೂರಿ ನಿಂತುಬಿಟ್ಟಿತು. ಎಳೆದರೂ ಇಲ್ಲ, ಬೇಡಿಕೊಂಡರೂ ಇಲ್ಲ.

ಖಾಲಿ ಗೂಟ ನೋಡಿ ಅಮರೇಶ್ ಓಡಿಬಂದ. ಹಿಂದೆಯೇ ಮಂಜುಳಮ್ಮ.

ಮೊಮ್ಮಗಳ ಬಿಕ್ಕಳಿಕೆಯ ನಡುವೆ ವಿಷಯ ತಿಳಿದುಕೊಂಡಿದ್ದ ತಾತ ಅವನನ್ನು ತಡೆದು ಕೇಳಿದರು.

“ಅದು ನಿಮ್ಮನೆಗೆ ಆಗಿಬರಲ್ಲ ಅಂದ್ಯಂತೆ?”

“ಹೂಂ ತಾತ. ಸಂಜೆಗೇ ವಾಪಸ್ ಅಟ್ತಾ ಇದೀನಿ.”

“ನನ್ನನ್ನ ಅಟ್ಟೋಕೆ ನೀವ್ಯಾರ್ರೀ?” ಎಂದಳು ರಕ್ಷಿತಾ.

ಅಮರೇಶ್ ನಿಧಾನವಾಗಿ ಕೈ ಎತ್ತಿ ಮನೆಯ ಪಕ್ಕದ ಹೊಂಗೆ ಮರದ ಕಡೆ ತೋರಿಸಿದ. ಮರದ ನೆರಳಿನಲ್ಲಿ ಕಪ್ಪುಬಿಳುಪಿನ ದೊಡ್ಡ ಸೀಮೆ ಹಸುವೊಂದು ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಮಂಜುಳಮ್ಮನ ತಮ್ಮ ಹಾಲಿನ ಆಸೆ ತೋರಿಸಿ ನಿನ್ನೆ ಕಟ್ಟಿಹೋಗಿದ್ದ.

“ಅದು ಅಂದ್ರೆ... ಅದು.”

ತಾತ ಏಳಲು ಊರುಗೋಲು ಊರಿದರು. ಟಕ್ ಎನ್ನಲಿಲ್ಲ. ಕೋಲು ಮೆತ್ತಗೆ ಇಳಿದು ಮಣ್ಣಿನಲ್ಲಿ ನಿಂತುಕೊಂಡಿತು. ಮಂಜುಳಮ್ಮ ಬಂದು ಎರಡು ಕೈಯಿಂದ ಕಿತ್ತರು. ತುದಿಯಲ್ಲಿ ಅಂಟಿದ್ದ ಕಪ್ಪು ಮಣ್ಣಿನಲ್ಲಿ ಒಂದು ಎರೆಹುಳ ಹೊರಳುತ್ತಿತ್ತು. ಅವರು ಅದನ್ನು ನೋಡಿದರು. ಎದೆಮಟ್ಟ ನಿಂತ ರಾಗಿಯನ್ನು ನೋಡಿದರು.

“ಸೈಟಿನೋರಿಗೆ ಬರಬೇಡಿ ಅನ್ನು” ಎಂದು ಮಗನಿಗೆ ಹೇಳಿ, ಹುಳವನ್ನು ಜೋಪಾನವಾಗಿ ಕೆಳಗೆ ಬಿಟ್ಟರು.

ತಾತ ರಕ್ಷಿತಾಳ ಕಡೆ ಕೈ ತೋರಿಸಿದರು. “ಅದರ ಮಾತಾಯ್ತು. ಮತ್ತೆ ಇದು?”

“ಇದಲ್ಲ ತಾತ” ಎಂದ ಅಮರೇಶ್. ಬೆವರು ಒರೆಸಿಕೊಂಡ. “ಇವರು. ಬೆಳ್ಳಿಯವರ ನೆಪದಲ್ಲಿ ದಿನಾ ಫೋನ್ ಮಾಡ್ತಿದ್ದದ್ದು ಇವರ ದನಿ ಕೇಳೋಕೆ. ನೋಡಕ್ಕೆ ಬರಬೇಕು ಅಂತಿದೀನಿ. ಈ ಸಲ... ಹಸೂನಲ್ಲ.”

ಹಿರಿಯರಿಬ್ಬರೂ ಸೀಮೆ ಹಸುವಿಗೆ ನೀರು ಕುಡಿಸುವ ನೆಪದಲ್ಲಿ ಆ ಕಡೆ ಹೋದರು. ನೀರು ಕುಡಿಸಲು ಇಬ್ಬರು ಬೇಕಾಗಿರಲಿಲ್ಲ.

ರಕ್ಷಿತಾ ಬೆಳ್ಳಿಯ ಕೊರಳ ಗಂಗೆದೊಗಲು ಸವರುತ್ತ ನಿಂತಿದ್ದಳು. ಬೇಸಿಗೆಯಿಂದ ಕಚ್ಚಿ ಹಿಡಿದಿದ್ದ ನಗು ಈಗ ತಾನಾಗಿಯೇ ಒಡೆಯಿತು. ಕೆನ್ನೆಯ ಮೇಲಿನ ಕಣ್ಣೀರು ಇನ್ನೂ ಆರಿರಲಿಲ್ಲ.

“ಹಲ್ಲು ತೋರಿಸಿ ಅಂದಿದ್ರಲ್ಲ. ನೋಡ್ಕೊಂಡ್ರಾ?”

“ನೋಡ್ಕೊಂಡೆ.” ಅವನ ದನಿ ಕೇಳಿಯೂ ಕೇಳದಷ್ಟು ಸಣ್ಣದಾಗಿತ್ತು. “ಬೇರೆ ಮನೆಗೆ... ಹೊಂದ್ಕೊಳ್ಳುತ್ತಾ?”

“ಮೊದ್ಲು ಸ್ವಲ್ಪ ದಿನ ಅಳ್ತದೆ” ಎಂದಳು ರಕ್ಷಿತಾ, ಹಗ್ಗದ ತುದಿಯನ್ನು ಅವನ ಕೈಯಲ್ಲಿಟ್ಟು, ತನ್ನ ಕೈಯನ್ನು ಹಿಂದಕ್ಕೆ ತೆಗೆಯದೆ. “ಒದೆಯೋದು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.”