ಟ್ಯಾಂಕಿನ ಕೆಳಗಿನ ಹಳದಿ ಗಂಟು

ಕಾಪುವಿನ ಹೆದ್ದಾರಿಯನ್ನು ಶಶಿಕಲಾ ಅರ್ಧ ದಾಟಿದ್ದಳಷ್ಟೆ. ಬೈಕು ಅಲ್ಲೇ ನಿಂತುಹೋಯಿತು.

ಹಿಂದಿನಿಂದ ಉಡುಪಿ ಬಸ್ಸಿನ ಹಾರ್ನು. ಹೆಗಲಲ್ಲಿದ್ದ ಐಸ್ ಪೆಟ್ಟಿಗೆಯಲ್ಲಿ ಹನ್ನೊಂದು ಮನೆಗಳಿಂದ ತೆಗೆದ ರಕ್ತದ ಮಾದರಿಗಳು. ಒಂಬತ್ತಕ್ಕೆ ಮೊದಲು ಅವು ಉಡುಪಿಯ ಬನ್ನಂಜೆಯ ಲ್ಯಾಬಿಗೆ ಮುಟ್ಟಬೇಕು. ಕಿಕ್ ಹೊಡೆದಳು. ಮತ್ತೆ ಹೊಡೆದಳು. ಕಣ್ಣಲ್ಲಿ ನೀರು ಬಂತೇ ಹೊರತು ಇಂಜಿನ್ನಿಗೆ ಜೀವ ಬರಲಿಲ್ಲ.

“ಕಿಕ್ ಹೊಡೀಬೇಡಿ. ನೀವು ಹ್ಯಾಂಡಲ್ ಹಿಡ್ಕೊಳ್ಳಿ, ನಾನು ದೂಡ್ತೇನೆ.”

ಯಾರೆಂದು ತಿರುಗಿ ನೋಡುವಷ್ಟರಲ್ಲಿ ಬೈಕು ರಸ್ತೆಯಾಚೆ ಸೇರಿತ್ತು. ಅಲ್ಲೊಂದು ಇಕ್ಕಟ್ಟಾದ ಗ್ಯಾರೇಜು. ದೂಡಿ ತಂದವನಿಗೆ ಮೂವತ್ತರ ಆಸುಪಾಸು. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಬೈಕಿನ ಸೀಟನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಕೇಳಿದ.

“ಎಷ್ಟು ಸಮಯದಿಂದ ನಿಲ್ಲಿಸಿಟ್ಟಿದ್ರಿ ಇದನ್ನು?”

“ಒಂದು ವರ್ಷ... ಅಪ್ಪನದ್ದು. ಅಪ್ಪ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ.”

ಅವನು ಪೆಟ್ರೋಲಿನ ನಳ ಮುಚ್ಚಿದ. ನಂತರ ತನ್ನ ಸ್ಕೂಟರಿನ ಕೀಲಿ ತೆಗೆದು ಚಾಚಿದ.

“ಕಾರ್ಬೊರೇಟರಿನಲ್ಲಿ ಕಸ ಕೂತಿರ್ತದೆ, ತೊಳೀಬೇಕು. ನೀವು ಸ್ಕೂಟರ್ ತಗೊಂಡು ಹೋಗಿ. ಸಂಜೆ ಬನ್ನಿ.”

“ನನ್ನ ಗುರುತೂ ಇಲ್ಲ ನಿಮಗೆ...”

“ಅಪ್ಪನ ಬೈಕು ಇಲ್ಲೇ ಉಂಟಲ್ಲ. ಅದನ್ನು ಬಿಟ್ಟು ನೀವೆಲ್ಲಿಗೆ ಹೋಗ್ತೀರಿ?”

ಅವನ ಹೆಸರು ಶೀನ. ಸಂಜೆ ಬಂದಾಗ ಆ ಹಳೇ ಕಾಲದ ಹೆಸರು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

“ನಗಿ, ಪರ್ವಾಗಿಲ್ಲ. ಅಜ್ಜನ ಹೆಸರು. ಹಾಗಾಗಿ ಮನೆಯಲ್ಲಿ ನನಗೆ ಬೈಯುವಾಗಲೂ ಸ್ವಲ್ಪ ಮರ್ಯಾದೆ ಉಂಟು.”

ಆ ದಿನ ಬೈಕು ಅಪ್ಪನ ಕಾಲದ ಹಾಗೆಯೇ ಹದವಾಗಿ ಮಿಡಿಯುತ್ತ ನಿಂತಿತ್ತು. ಶಶಿಕಲಾ ಕಣ್ಣು ಮುಚ್ಚಿ ಕೇಳಿದಳು. ಕಾರ್ಕಳದ ಕಲ್ಲುಕೋರೆಯಿಂದ ಅಪ್ಪ ಬಾಲಪ್ಪ ಮನೆಗೆ ಬಂದು, ಬಾಗಿಲಲ್ಲಿ ಇಂಜಿನ್ ಆರಿಸದೆ ‘ಶಶೀ’ ಎಂದು ಕರೆಯುತ್ತಿದ್ದ ಸದ್ದು ಅದು. ‘ಈ ಮನುಷ್ಯ ನನ್ನ ಅಪ್ಪನ ದನಿಯನ್ನು ವಾಪಸು ಕೊಟ್ಟ’ ಎಂದು ಅವಳ ಮನಸ್ಸು ಕೈಮುಗಿಯಿತು.

ಆದರೆ ಎರಡೇ ದಿನ.

ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ಬಂದ್. ಮತ್ತೆ ಶೀನನ ಗ್ಯಾರೇಜು. ಇಕ್ಕಟ್ಟಾದ ಜಾಗ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟರೆ ಮಾತ್ರ ಬೈಕು ಒಳಗೆ ಹಿಡಿಯುತ್ತಿತ್ತು. ಅವನು ಹಾಗೆಯೇ ನಿಲ್ಲಿಸಿ, ಬಗ್ಗಿ, ಕಿವಿಗೊಟ್ಟು, ಇಂಜಿನ್ನಿನ ವೇಗದ ಸ್ಕ್ರೂ ತಿರುಗಿಸುವನು. ಅಲ್ಲಿ ಸರಿಯಾಗಿಯೇ ಇರುತ್ತಿತ್ತು. ರಸ್ತೆಗಿಳಿದರೆ ನಿಲ್ಲುತ್ತಿತ್ತು. ಸ್ವಲ್ಪ ಏರಿಸಿಕೊಟ್ಟರೆ ಮಾರನೆಯ ದಿನ ತಿರುವಿನಲ್ಲಿ ಹುಚ್ಚು ಹಿಡಿದಂತೆ ಕಿರುಚುತ್ತಿತ್ತು. ಪ್ಲಗ್ ಬದಲಾಯಿಸಿದ. ಕಾರ್ಬೊರೇಟರನ್ನು ಮತ್ತೊಮ್ಮೆ ತೊಳೆದ. ಗಾಳಿ ಎಲ್ಲಾದರೂ ನುಗ್ಗುತ್ತದೆಯೇ ಎಂದು ರಬ್ಬರಿನ ಸುತ್ತ ಸೋಪಿನ ನೀರು ಸವರಿ ನೋಡಿದ. ಏನೂ ಸಿಗಲಿಲ್ಲ.

ಅವಳು ಕಾಯುತ್ತ ಕೂರುವಳು. ಅವನು ಚಹಾ ತರಿಸುವನು. ಮಾತು ಬೈಕಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುವುದು... ಬೈಕು ಕೆಟ್ಟ ದಿನ ತನಗೆ ಯಾಕೆ ಬೇಸರವಾಗುತ್ತಿಲ್ಲ ಎಂದು ಶಶಿಕಲಾ ತನ್ನನ್ನೇ ಕೇಳಿಕೊಂಡಿದ್ದೂ ಉಂಟು.

ಆರನೆಯ ಸಲ ಹೋದಾಗ ಪಕ್ಕದ ಟೈಲರ್ ಅಂಗಡಿಯ ಜೆರ್ಟ್ರೂಡ್ ಬಾಯಿ ಹೊಲಿಗೆ ಮಿಷನ್ ನಿಲ್ಲಿಸಿ ಇಣುಕಿದರು.

“ಎಂತ ಶೀನ, ಇವತ್ತೂ ಆಗ್ಲಿಲ್ವಾ? ಬೇರೆಯವರ ಬೈಕು ಒಂದೇ ಸಲಕ್ಕೆ ಸರಿ ಆಗ್ತದೆ. ಇದೊಂದೇ ಯಾಕೆ ಹೀಗೆ? ಸರಿಯಾದ್ರೆ ಈ ಹುಡುಗಿ ಬರುವುದಿಲ್ಲ ಅಂತ ಹೆದರಿಕೆಯಾ ನಿಂಗೆ?”

ಜೆರ್ಟ್ರೂಡ್ ಬಾಯಿ ನಕ್ಕರು. ಶಶಿಕಲಾ ನಗಲಿಲ್ಲ. ಅಂದು ಬೆಳಿಗ್ಗೆಯೇ ಲ್ಯಾಬಿನವರು ಹೇಳಿದ್ದರು: ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

“ನಿಜವಾ?” ಎಂದಳು.

ಶೀನನ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು. ಅವನು ತಲೆ ಎತ್ತಿದ, ಏನೋ ಹೇಳಹೊರಟ... ಹೇಳಲಿಲ್ಲ. ಮುಖ ಕೆಂಪಾಯಿತು, ಅಷ್ಟೇ.

‘ಹಾಗಾದರೆ ನಿಜವೇ. ನಾನು ನಂಬಿ ತಂದುಕೊಟ್ಟದ್ದು ಅಪ್ಪನ ನೆನಪನ್ನು. ಇವನಿಗೆ ಅದು ಆಟವಾಯಿತೆ?’

“ನನ್ನ ಅನ್ನದ ಮೇಲೆ ತಮಾಷೆ ಮಾಡ್ತಾ ಇದ್ರಾ ನೀವು?” ಉತ್ತರಕ್ಕೆ ಕಾಯದೆ ಬೈಕು ಹೊರಗೆಳೆದು ಹೊರಟುಬಿಟ್ಟಳು.

ಆಮೇಲೆ ಅವಳು ಬಸ್ಸಿನಲ್ಲಿ ಓಡಾಡಿದಳು. ಘಟ್ಟದ ಮೇಲಿನ ಊರಿನಿಂದ ಅಪ್ಪನ ಜೊತೆಗೇ ಬಂದು ಕಾರ್ಕಳದಲ್ಲಿ ಕಲ್ಲು ಒಡೆಯುತ್ತಿದ್ದ ಕರಿಬಸವಣ್ಣ, ಬೈಕನ್ನು ತಾನು ಇಟ್ಟುಕೊಳ್ಳುವುದಾಗಿ ಹೇಳಿದ್ದ. ಭಾನುವಾರ ಕೊಟ್ಟು ಬರುವುದೆಂದಾಯಿತು. ಅವ್ವ ಸೋಮವ್ವ ಬೇಡ ಎನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕೊನೆಯ ಸಲ ಕೂರುತ್ತೇನೆ ಎಂದು ಅವಳೂ ಹೊರಟಳು.

ಬೈಕು ಶಿರ್ವ ದಾಟಿತು. ಒಂದು ತಿರುವಿನಲ್ಲಿ ನಿಧಾನವಾಗಿ ಹೊರಳಿಸಿದಾಗ ಇಂಜಿನ್ ಮತ್ತೆ ಕಿರುಚಿತು.

“ಶಶೀ, ಗಾಡಿ ನಿಂದ್ರಸು.”

“ಯಾಕ ಬೇ?”

“ಇದು ಎಡಕ್ಕ ಹೊಳ್ಳಿದಾಗ ಅಷ್ಟ ಒದರ್ತೈತಿ. ಬಲಕ್ಕ ಹೊಳ್ಳಿದ್ರ ಗಪ್ಪಗಿರ್ತೈತಿ. ಮನಿಯಿಂದ ಕೇಳ್ಕೋತನ ಬಂದೀನಿ.”

ಶಶಿಕಲಾ ರಸ್ತೆಯ ಬದಿಗೆ ನಿಲ್ಲಿಸಿದಳು. ಕಾಲೂರಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಳು. ಇಂಜಿನ್ ಏರಿತು. ನೇರ ಮಾಡಿದಳು. ಕುಗ್ಗಿತು, ಕೆಮ್ಮಿತು, ನಿಂತೇ ಹೋಯಿತು. ಮೂರು ಸಲ ಮಾಡಿದಳು. ಮೂರು ಸಲವೂ ಹಾಗೆಯೇ.

ಶೀನನ ಗ್ಯಾರೇಜಿನಲ್ಲಿ ಹ್ಯಾಂಡಲ್ ಸದಾ ಎಡಕ್ಕೆ... ಅವನಿಗೆ ಕೇಳಿಸುತ್ತಿದ್ದ ಸದ್ದೇ ಬೇರೆ, ತನಗೆ ರಸ್ತೆಯಲ್ಲಿ ಸಿಗುತ್ತಿದ್ದ ಸದ್ದೇ ಬೇರೆ!

ಫೋನು ತೆಗೆದಳು. ಹ್ಯಾಂಡಲ್ ತಿರುಗಿಸಿದಾಗ ಆದದ್ದನ್ನೆಲ್ಲ ಶೀನನಿಗೆ ಹೇಳಿದಳು.

“ಎಲ್ಲಿದ್ದೀರಿ? ಅಲ್ಲೇ ಇರಿ. ಬಂದೆ.”

ಅರ್ಧ ಗಂಟೆಯಲ್ಲಿ ಸ್ಕೂಟರ್ ಬಂದು ನಿಂತಿತು. ಶೀನ ಅವಳ ಮುಖ ನೋಡಲಿಲ್ಲ. ಸೋಮವ್ವನಿಗೆ ನಮಸ್ಕರಿಸಿದ. ಸೀಟು ತೆಗೆದ, ಪೆಟ್ರೋಲ್ ಟ್ಯಾಂಕನ್ನು ಮೆಲ್ಲಗೆ ಎತ್ತಿದ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಒಳಗೆ ಬಗ್ಗಿ ನೋಡಿದ.

“ತಪ್ಪು ನನ್ನದೇ.”

ಟ್ಯಾಂಕಿನ ಕೆಳಗಿನ ಚೌಕಟ್ಟಿನ ಪೈಪಿಗೆ ಹಳದಿ ಬಟ್ಟೆಯ ಪುಟ್ಟ ಗಂಟೊಂದನ್ನು ಕಟ್ಟಲಾಗಿತ್ತು. ಅದರ ದಾರವು ಪಕ್ಕದಲ್ಲಿ ಹಾದುಹೋಗುವ ಆಕ್ಸಿಲರೇಟರ್ ಕೇಬಲನ್ನೂ ಸೇರಿಸಿ ಬಿಗಿದಿತ್ತು. ಹ್ಯಾಂಡಲ್ ಎಡಕ್ಕೆ ಹೋದಾಗಲೆಲ್ಲ ಕೇಬಲ್ ಎಳೆಯುತ್ತಿತ್ತು.

“ಮೊದಲ ದಿನ ಟ್ಯಾಂಕ್ ಬಿಚ್ಚಿದಾಗ ಕಂಡಿತು. ದೇವರ ಪ್ರಸಾದ ಅಂತ ಗೊತ್ತಾಯ್ತು. ಪೆಟ್ರೋಲು ತಾಗಬಾರದು ಅಂತ ಬಿಚ್ಚಿ, ಗ್ಯಾರೇಜಿನ ದೇವರ ಪಟದ ಎದುರು ಇಟ್ಟೆ. ಕೆಲಸ ಮುಗಿದ ಮೇಲೆ ಕೈ ತೊಳ್ಕೊಂಡು ಕಟ್ಟಿದೆ. ದಾರಿಯಲ್ಲಿ ಬೀಳಬಾರದು ಅಂತ ಬಿಗಿಯಾಗಿ ಕಟ್ಟಿದ್ದು. ಆಮೇಲೆ ಗ್ರೀಸಿನ ಕೈಯಲ್ಲಿ ಮುಟ್ಟಲಿಕ್ಕೆ ಮನಸ್ಸು ಬರ್ಲಿಲ್ಲ. ಬೇರೆ ಎಲ್ಲ ನೋಡಿದೆ, ಇದನ್ನು ಬಿಟ್ಟು.”

ಶಶಿಕಲಾ ಆ ಗಂಟನ್ನು ಎಂದೂ ನೋಡಿರಲಿಲ್ಲ. ಸೋಮವ್ವ ಬಾಗಿ ನೋಡಿದಳು. ಅವಳ ಕೈ ತನ್ನಷ್ಟಕ್ಕೇ ಬಾಯಿಗೆ ಹೋಯಿತು.

“ಇದು ನಿನ್ನ ಕುಂಚಿಗೀ ಅರಬಿ, ಯವ್ವಾ. ಕೂಸಿದ್ದಾಗ ನಿನ್ನ ತಲಿಗೆ ಹಾಕ್ತಿದ್ದೆ. ನಿನ್ನ ಮೊದಲನೇ ದಿನ ಈ ಗಾಡಿ ಮ್ಯಾಲ ಸಾಲಿಗೆ ಕರ್ಕೊಂಡು ಹೋಗೂ ಮುಂದ, ಅದರಾಗ ಎಲ್ಲಮ್ಮನ ಭಂಡಾರದ ಅರಿಷಿಣ ಕಟ್ಟೀನಿ ಅಂದಿದ್ದ ನಿಮ್ಮಪ್ಪ. ಎಲ್ಲಿ ಕಟ್ಟೀ ಅಂದ್ರ, ನನಗ ಎಲ್ಲಮ್ಮಗ ಅಷ್ಟ ಗೊತ್ತು ಅಂದು ನಕ್ಕಿದ್ದ...”

ಶಶಿಕಲಾ ಮೊಣಕಾಲೂರಿ ಕುಳಿತಳು. ಇಷ್ಟು ವರ್ಷ ಅವಳು ಈ ಗಂಟಿನ ಮೇಲೆಯೇ ಕುಳಿತು ಓಡಾಡಿದ್ದಳು, ಅರಿಯದೆ. ಅಪ್ಪ ಹೋದ ಮೇಲೂ ಅಪ್ಪನ ಕಾವಲು ಹೋಗಿರಲಿಲ್ಲ. ಆ ಕಾವಲನ್ನು ಒಬ್ಬ ಅಪರಿಚಿತ ಕೈ ತೊಳೆದು ಮತ್ತೆ ಕಟ್ಟಿದ್ದ. ತಾನು ಮಾತ್ರ ಅವನಿಗೆ ಬೈದು ಬಂದಿದ್ದಳು.

“ಅವತ್ತು ಯಾಕೆ ಸುಮ್ಮನಿದ್ರಿ? ಬೇಕಂತ ಬಿಟ್ಟದ್ದಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ.”

ಶೀನ ನೆಲ ನೋಡಿದ.

“ಬೇಕಂತ ಬಿಟ್ಟದ್ದಲ್ಲ. ಬೈಕು ಸರಿಯಾಗಲಿ ಅಂತ ದಿನಾ ದೀಪ ಇಡುವಾಗ ಬೇಡಿಕೊಳ್ತಿದ್ದೆ. ಆದ್ರೆ... ನೀವು ಬಂದಾಗೆಲ್ಲ ಖುಷಿ ಆಗ್ತಿತ್ತು. ಜೆರ್ಟ್ರೂಡ್ ಬಾಯಿ ಹೇಳಿದ್ರಲ್ಲಿ ಅಷ್ಟು ನಿಜ ಉಂಟು. ಅದನ್ನು ಸುಳ್ಳು ಅಂತ ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ.”

ಸೋಮವ್ವನಿಗೆ ಆಗಲೇ ರಸ್ತೆಯಾಚೆಯ ಅಂಗಡಿಯಲ್ಲಿ ಏನೋ ಕೊಳ್ಳುವುದು ನೆನಪಾಯಿತು. ಅತ್ತ ನಡೆದಳು.

ಬಾಟಲಿಯ ನೀರಿನಲ್ಲಿ ಶಶಿಕಲಾ ಕೈ ತೊಳೆದಳು. ಅವನ ಕೈಗೂ ಹನಿಸಿದಳು. ದಾರ ಬಿಚ್ಚಿ, ಕೇಬಲನ್ನು ಬಿಡಿಸಿ, ಇಬ್ಬರೂ ಸೇರಿ ಗಂಟನ್ನು ಪೈಪಿಗೆ ಮತ್ತೆ ಕಟ್ಟಿದರು. ಅವನು ಟ್ಯಾಂಕ್ ಕೂರಿಸಿದ, ಹ್ಯಾಂಡಲ್ ನೇರವಿಟ್ಟು ಸ್ಕ್ರೂ ಹದ ಮಾಡಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಸದ್ದು ಕದಲಲಿಲ್ಲ. ಅಪ್ಪನದೇ ಆ ಹದವಾದ ಮಿಡಿತ.

ಶಶಿಕಲಾ ಕರಿಬಸವಣ್ಣನಿಗೆ ಫೋನು ಮಾಡಿದಳು. ‘ಕೊಡೂದಿಲ್ಲ ಅಣ್ಣಾ, ಸಿಟ್ಟಾಗಬ್ಯಾಡ’ ಎಂದು ಹೇಳಿ ಇಟ್ಟಳು.

“ಇನ್ನು ಕೆಡುವುದಿಲ್ಲ,” ಎಂದ ಶೀನ. ಸಂತೋಷದ ಮಾತನ್ನು ಅಷ್ಟು ಸಪ್ಪಗೆ ಯಾರೂ ಹೇಳಿರಲಿಕ್ಕಿಲ್ಲ. “ಗ್ಯಾರೇಜಿಗೆ ಬರುವ ಕೆಲಸ ಇಲ್ಲ ನಿಮಗೆ.”

“ನಾಳೆ ಸಂಜೆ ಬರ್ತೇನೆ.”

“ಎಂತಕ್ಕೆ?”

“ಬೈಕು ಸರಿ ಉಂಟು ಅಂತ ಹೇಳ್ಲಿಕ್ಕೆ.”

ಅವನು ಅಂದು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. “ನಾಡಿದ್ದು?”

“ನಾಡಿದ್ದೂ ಸರಿ ಇರ್ತದಲ್ಲ,” ಎಂದಳು ಶಶಿಕಲಾ. “ಅದನ್ನೂ ಬಂದು ಹೇಳ್ಬೇಕು ಅಲ್ವಾ?”